ಕಡಲು ದಾಟಿದ ಅಜ್ಜಿಯ ಊರು

ನಮ್ಮ ಹಳೆಯ ಶಿಷ್ಯನೊಬ್ಬನು ಅಮೆರಿಕೆಯಲ್ಲಿ ನೆಲಸಿದ್ದಾನೆ. ಅವನ ಪತ್ನಿ ಆ ನಾಡಿನವಳೇ. ಐದು ತಲೆಮಾರುಗಳ ಹಿಂದೆ ಇಂಗ್ಲೆಂಡಿನಿಂದ ಹಡಗೇರಿ ಬಂದ ತನ್ನ ಅಜ್ಜಿಯೊಬ್ಬಳ ವೃತ್ತಾಂತವನ್ನು ಆಕೆ ಆರು ವರ್ಷಗಳಿಂದ ಅರಸುತ್ತಿರುವಳು. ಕಳೆದ ಮಳೆಗಾಲದಲ್ಲಿ ದಂಪತಿಗಳು ನಮ್ಮಲ್ಲಿಗೆ ಬಂದಾಗ ಆ ಕಾಗದಗಳನ್ನೆಲ್ಲ ಜಗಲಿಯ ಮೇಲೆ ಹರಡಿ ತೋರಿಸಿದಳು.

ಒಂದು ಊರಿನ ಹೆಸರಿಗಾಗಿ ಇಷ್ಟು ವರ್ಷಗಳೇಕೆಂದು ವಾಚಕರು ಕೇಳಬಹುದು. ಅಮೆರಿಕೆಯ ಜನಗಣತಿಯಲ್ಲಿ ದಾಸರಲ್ಲದ ಪ್ರತಿಯೊಬ್ಬರ ಹೆಸರನ್ನೂ ಜನ್ಮಸ್ಥಳವನ್ನೂ ಬರೆಯತೊಡಗಿದ್ದು 1850ರಲ್ಲಿ. ಹೊರನಾಡಿನವರ ವಿಷಯದಲ್ಲಾದರೋ ದೇಶದ ಹೆಸರೊಂದೇ ಸಾಕಾಗಿತ್ತು. 1860ರ ಗಣತಿಯಲ್ಲಿ ಈ ಅಜ್ಜಿಯ ಮುಂದೆ ಇರುವುದು 'ಇಂಗ್ಲೆಂಡ್' ಎಂಬ ಒಂದೇ ಪದ. ಹಡಗಿನ ಪಟ್ಟಿಯೂ ಅದಕ್ಕಿಂತ ಹೆಚ್ಚೇನೂ ಹೇಳದು. ಇಂಗ್ಲೆಂಡಿನ 1851ರ ಗಣತಿ ಹುಟ್ಟಿದ ಹಳ್ಳಿಯನ್ನೂ ಕೇಳುತ್ತದೆ, ಅಹುದು. ಆದರೆ ಅಲ್ಲಿ ಮೇರಿಯರು ನಮ್ಮ ಲಕ್ಷ್ಮಿಯರಂತೆ ಅಸಂಖ್ಯಾತರು. 1841ರದಂತೂ ವಿಚಿತ್ರವೇ ಸರಿ. ಹದಿನೈದು ದಾಟಿದವರ ವಯಸ್ಸನ್ನು ಐದೈದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂಬುದು ಅದರ ವಿಧಿ, ಇಪ್ಪತ್ತೊಂಬತ್ತರವಳು ಇಪ್ಪತ್ತೈದರವಳಾಗಿಬಿಡುವಳು!

ಕೊನೆಗೆ ದಾರಿ ತೋರಿದ್ದು ಗೋರಿಯ ಕಲ್ಲು. ಅಜ್ಜಿಯ ಮಕ್ಕಳು ಅದರ ಮೇಲೆ ನಾರ್ಫೋಕ್ ಪ್ರಾಂತದ ಹಳ್ಳಿಯೊಂದರ ಹೆಸರನ್ನು ಕೆತ್ತಿಸಿದ್ದರು. ಅದನ್ನು ಹಿಡಿದು ನೋಡಲಾಗಿ, 1851ರಲ್ಲಿ ಒಕ್ಕಲಿಗನೊಬ್ಬನ ಮನೆಯಲ್ಲಿ ಕೆಲಸಕ್ಕಿದ್ದ ಹದಿನಾಲ್ಕರ ಹುಡುಗಿ ಸಿಕ್ಕಿದಳು. ಚರ್ಚಿನ ಪುಸ್ತಕದಲ್ಲಿ 1836ರ ಅವಳ ನಾಮಕರಣವೂ ಸಿಕ್ಕಿತು. ಅಲ್ಲಿ ತಂದೆಯ ಕಸುಬುಂಟು, ತಾಯಿಯ ಹೆಸರುಂಟು, ತಾಯಿಯ ತವರುಮನೆತನದ ಹೆಸರಿಲ್ಲ. ಆ ದೇಶದಲ್ಲಿ ಸರ್ಕಾರದ ಜನನ ನೋಂದಣಿ ಆರಂಭವಾದದ್ದು 1837ರ ಜುಲೈ 1ರಂದು. ಅದಾದರೆ ತವರಿನ ಹೆಸರನ್ನೂ ಕೇಳುತ್ತದೆ. ಈ ಮಗು ಒಂದು ವರ್ಷ ಮೊದಲೇ ಹುಟ್ಟಿತು.

ತಾಯಿಯ ವಿವಾಹದ ದಾಖಲೆಯಲ್ಲಿ ಮನೆತನದ ಹೆಸರು ದೊರೆಯಿತು. ಅದರ ಪಕ್ಕದಲ್ಲಿ ರುಜುವಿನ ಬದಲು ಒಂದು ಗುಣಾಕಾರದ ಚಿಹ್ನೆ. ಮಕ್ಕಳಿಗೆ ಅಕ್ಷರ ಕಲಿಸಿ ಆಯುಷ್ಯ ಕಳೆದ ನಾವು ಆ ಎರಡು ಓರೆಗೆರೆಗಳನ್ನು ಬಹಳ ಹೊತ್ತು ನೋಡಿದೆವು. ಅಲ್ಲಿಂದ ಹಿಂದಕ್ಕೆ ದಾರಿಯಿಲ್ಲ. ಆ ಕಾಲದ ವಿವಾಹಪುಸ್ತಕ ವಧುವಿನ ತಂದೆತಾಯಿಗಳನ್ನು ಹೆಸರಿಸುತ್ತಿರಲಿಲ್ಲ. 1837ರಿಂದ ತಂದೆಯ ಹೆಸರು ಸೇರಿತು. ತಾಯಿಯ ಹೆಸರು ಸೇರಿದ್ದು 2021ರಲ್ಲಿ!

"ನಿಮ್ಮಲ್ಲಿ ಹೇಗೆ, ಗುರುಗಳೇ?" ಎಂದಳು. ತರ್ಪಣದಲ್ಲಿ ತಾಯಿ, ಪಿತಾಮಹಿ, ಪ್ರಪಿತಾಮಹಿ, ಮೂವರನ್ನೂ ಹೆಸರಿಟ್ಟು ಕರೆಯುವೆವೆಂದು ನಾವು ತುಸು ಹೆಮ್ಮೆಯಿಂದಲೇ ಹೇಳಿದೆವು. ಅವಳು ಹಿಗ್ಗಿ ಬರೆದುಕೊಂಡಳು. "ನಿಮ್ಮ ಪ್ರಪಿತಾಮಹಿಯ ತವರೂರು ಯಾವುದು?"

ಭಾಗೀರಥಿ ಎಂಬ ಆ ಹೆಸರಿಗೆ ನಾವು ಮೂವತ್ತು ವರ್ಷಗಳಿಂದ ಎಳ್ಳುನೀರು ಬಿಡುತ್ತಿದ್ದೇವೆ. ಆಕೆಯ ಊರನ್ನು ಬಲ್ಲವರು ಮನೆಯಲ್ಲಿ ಒಬ್ಬರೂ ಇಲ್ಲ. ತೀರ್ಥಹಳ್ಳಿಯಲ್ಲಿರುವ ಸೋದರತ್ತೆಗೆ ಈಗ ಎಂಬತ್ತೆಂಟು; ಕಿವಿ ಮಂದವಾದರೂ ನೆನಪು ಚೆನ್ನಾಗಿದೆಯಂತೆ. ಬರುವ ಸೋಮವಾರ ಹೊರಡುವೆವು.