ತೆರೆಯದ ಡಬ್ಬಿ

ಮೊನ್ನೆ ಡೊಂಬಿವಲಿ ಫಾಸ್ಟಿನಲ್ಲಿ ನಮ್ಮ ಗುಂಪಿನಲ್ಲಿ ದೊಡ್ಡ ಚರ್ಚೆ. "ಈಗ ಶಾಲೆಗೂ ಕೌನ್ಸೆಲರ್ ಬೇಕಂತೆ! ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಮಾರಾಯ್ರೇ? ಮಾಸ್ತರ ಬೆತ್ತವೇ ನಮ್ಮ ಕೌನ್ಸೆಲರ್" ಅಂದರು ಒಬ್ಬರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನನ್ನ ಉತ್ತರ ಬೇರೆಯೇ ಇದೆ. ನಮ್ಮ ಕಾಲದಲ್ಲೂ ಇತ್ತು, ಹೆಸರು ಮಾತ್ರ ಇರಲಿಲ್ಲ.

ಮುಂಬಯಿಗೆ ಬಂದ ನಮ್ಮೂರ ಹುಡುಗರ ಕಥೆ ನಿಮಗೆ ಗೊತ್ತೇ ಇದೆ. ಹಗಲು ಹೋಟೆಲಿನಲ್ಲಿ ಮಾಣಿ, ರಾತ್ರಿ ಕನ್ನಡ ನೈಟ್ ಹೈಸ್ಕೂಲಿನಲ್ಲಿ ವಿದ್ಯಾರ್ಥಿ. ಮೊಗವೀರ ಫ್ರೀ ನೈಟ್ ಹೈಸ್ಕೂಲು ಶುರುವಾದದ್ದು 1908ರಲ್ಲಿ. ಆಮೇಲೆ ಅಂಥವು ಇನ್ನೂ ಎಷ್ಟೋ ಬಂದವು, ಹಲವು ಮುಚ್ಚಿಯೂ ಹೋದವು. ನಾನು 1992ರಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದಾಗ ನಮ್ಮ ಶಾಖೆಯ ಹೆಡ್ ಕ್ಯಾಶಿಯರು ಇಂಥದ್ದೇ ಒಂದು ನೈಟ್ ಸ್ಕೂಲಿನಲ್ಲಿ ಓದಿದವರು. ಅವರು ಹೇಳುತ್ತಿದ್ದರು: ಮೂರು ದಿನ ಕ್ಲಾಸಿಗೆ ಹೋಗದಿದ್ದರೆ ನಾಲ್ಕನೇ ದಿನ ಮಾಸ್ತರು ಹೋಟೆಲಿಗೇ ಬರುತ್ತಿದ್ದರಂತೆ. ಬೈಯಲಿಕ್ಕಲ್ಲ. ಒಂದು ಚಾ ಕುಡಿದು, ಗಲ್ಲಾದಲ್ಲಿ ಕೂತ ಧಣಿಯ ಹತ್ತಿರ "ಹುಡುಗನಿಗೆ ಹುಷಾರಿಲ್ಲವಾ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಒಂದು ಸಲ ಊರಿನಿಂದ ತಾಯಿ ತೀರಿಹೋದ ಕಾಗದ ಬಂದಿತ್ತು. ಹದಿನಾಲ್ಕು ವರ್ಷದ ಹುಡುಗ, ಯಾರಿಗೂ ಹೇಳದೆ ಎರಡು ದಿನ ಪಾತ್ರೆ ತೊಳೆಯುತ್ತಲೇ ಇದ್ದ. "ಏನಾಯ್ತೋ?" ಎಂದು ಮೊದಲು ಕೇಳಿದವರು ಆ ಮಾಸ್ತರೇ. ನಿವೃತ್ತಿಯ ಹೊತ್ತಿಗೂ ಇದನ್ನು ಹೇಳುವಾಗ ನಮ್ಮ ಹೆಡ್ ಕ್ಯಾಶಿಯರ ದನಿ ಗದ್ಗದವಾಗುತ್ತಿತ್ತು.

ಹಾಗಂತ ಹಳೆಯದೆಲ್ಲ ಚಿನ್ನ ಎನ್ನುವವನು ನಾನಲ್ಲ. ಆ ಮಾಸ್ತರು ಸಿಕ್ಕಿದ್ದು ಅವರ ಅದೃಷ್ಟ. ಪಕ್ಕದ ಕ್ಲಾಸಿನ ಹುಡುಗನಿಗೆ ಬೆತ್ತ ಮಾತ್ರ ಸಿಕ್ಕಿರಬಹುದು! ಹದಿನಾಲ್ಕರವರೆಗಿನ ಮಕ್ಕಳನ್ನು ಶಾಲೆಯಲ್ಲಿ ಹೊಡೆಯುವುದು, ಮಾನಸಿಕವಾಗಿ ಹಿಂಸಿಸುವುದು ತಪ್ಪು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೇಳಬೇಕಾಯಿತಲ್ಲ. ಮಕ್ಕಳ ಕ್ಷೇಮ ಯಾರದೋ ಒಳ್ಳೆಯತನದ ಮೇಲೆ ನಿಂತಿರಬಾರದು. ಅದಕ್ಕೊಂದು ವ್ಯವಸ್ಥೆ ಬೇಕು.

ಆ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎನ್ನುವುದನ್ನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಕಿರಿಯ ಸಹೋದ್ಯೋಗಿಯೊಬ್ಬರಿಗೆ ಧಾರವಾಡದಿಂದ ಠಾಣೆಗೆ ವರ್ಗವಾಯಿತು. ಬ್ಯಾಂಕಿನವರ ಮಕ್ಕಳ ಪಾಡು ಕೇಳಬೇಡಿ, ಅಪ್ಪನ ಟ್ರಾನ್ಸ್‌ಫರ್ ಆರ್ಡರಿನಲ್ಲಿ ಅವರ ಗೆಳೆಯರ ಹೆಸರು ಇರುವುದಿಲ್ಲ. ಮಗಳು ಒಂಬತ್ತನೇ ಕ್ಲಾಸು. ಮರಾಠಿ ಬರದು, ಹಿಂದಿ ಮಾತಾಡಿದರೆ ಕ್ಲಾಸಿನಲ್ಲಿ ನಗು. ಮನೆಗೆ ಬಂದಾಗ "ಸಾಲಿ ಹೆಂಗಿತ್ತವ್ವಾ?" ಅಂದರೆ "ಛಲೋ ಇತ್ತು" ಅಷ್ಟೇ. ಡಬ್ಬಿ ದಿನಾ ಖಾಲಿಯಾಗಿಯೇ ವಾಪಸು ಬರುತ್ತಿತ್ತು. ಆಮೇಲೆ ತಿಳಿದದ್ದು, ಬಿಲ್ಡಿಂಗಿನ ಕೆಳಗಿನ ಬೆಕ್ಕುಗಳ ಪಾಲಾಗುತ್ತಿತ್ತು ಎಂದು.

ಗಮನಿಸಿದವರು ಕ್ಲಾಸ್ ಟೀಚರು, ಮರಾಠಿ ಹೆಂಗಸು. ಬಿಡುವಿನಲ್ಲಿ ಎಲ್ಲರೂ ಹೊರಗೆ, ಈ ಹುಡುಗಿ ಮಾತ್ರ ಬೆಂಚಿನಲ್ಲಿ, ಎದುರಿಗೆ ತೆರೆಯದ ಡಬ್ಬಿ. ಟೀಚರು ಉಪದೇಶ ಮಾಡಲಿಲ್ಲ. ತಮ್ಮ ಡಬ್ಬಿ ತಂದು ಪಕ್ಕದಲ್ಲಿ ಕೂತರು. ಜೋಳದ ರೊಟ್ಟಿ ಕಂಡು "ಅರೇ, ಇದು ನಮ್ಮ ಭಾಕರಿ!" ಅಂದರು. ವಾರ ಕಳೆದ ಮೇಲೆ ಹುಡುಗಿ ಬಾಯಿಬಿಟ್ಟಳು, "ರಾತ್ರಿ ಮಲಗಿದರೆ ಮತ್ತೆ ಬೆಳಗಾಗುವುದೇ ಬೇಡ ಅನ್ನಿಸುತ್ತದೆ" ಎಂದು. ಟೀಚರು ಆ ದಿನವೇ ಶಾಲೆಯ ಕೌನ್ಸೆಲರಿಗೆ ತಿಳಿಸಿದರು, ಕೌನ್ಸೆಲರು ಆ ದಿನವೇ ತಂದೆತಾಯಿಯನ್ನು ಕರೆಸಿದರು. ಎರಡು ಮೂರು ತಿಂಗಳು ಬೇಕಾಯಿತು. ಈಗ ಹನ್ನೊಂದನೆಯಲ್ಲಿದ್ದಾಳೆ. ಮರಾಠಿಯಲ್ಲಿ ಜಗಳವನ್ನೂ ಆಡುತ್ತಾಳೆ!

ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಯಾವ ಸಾಲವೂ ಒಂದೇ ರಾತ್ರಿಯಲ್ಲಿ ಎನ್‌ಪಿಎ ಆಗುವುದಿಲ್ಲ. ಕಂತು ತಪ್ಪಿ 90 ದಿನ ದಾಟಿದರೆ ಎನ್‌ಪಿಎ. ಆದರೆ ಮೊದಲ 30 ದಿನದಲ್ಲೇ ಅದನ್ನು ಎಸ್‌ಎಂಎ ಎಂದು ಗುರುತಿಸಿ ಕಣ್ಣಿಡಬೇಕು ಎನ್ನುತ್ತದೆ ರಿಸರ್ವ್ ಬ್ಯಾಂಕು. ಮಕ್ಕಳು ಸಾಲದ ಖಾತೆಗಳಲ್ಲ, ಒಪ್ಪುತ್ತೇನೆ. ಆದರೆ ಸಾಲಕ್ಕೆ ಇಷ್ಟು ಕಾಳಜಿ ಮಾಡುವ ದೇಶ ಮಗುವಿನ ಮೊದಲ ಸೂಚನೆಗೆ ಕಾಳಜಿ ಮಾಡಬಾರದೇ? ಕೌನ್ಸೆಲರು ಕೋಣೆಯಲ್ಲಿ ಕೂತಿರುತ್ತಾರೆ, ಸೂಚನೆ ಕಾಣಿಸುವುದು ತರಗತಿಯಲ್ಲಿ. ಎರಡರ ನಡುವೆ ದಾರಿ ಇರಬೇಕು. ನೈಟ್ ಸ್ಕೂಲಿನ ಮಾಸ್ತರು ಒಬ್ಬರೇ ಎರಡೂ ಆಗಿದ್ದರು. ಈಗಿನ ದೊಡ್ಡ ಶಾಲೆಗಳಲ್ಲಿ ಅದು ಆಗದ ಮಾತು.

ಸಮಸ್ಯೆ ಸಣ್ಣದೇನಲ್ಲ. ಎನ್‌ಸಿಇಆರ್‌ಟಿ 2022ರಲ್ಲಿ 6ರಿಂದ 12ನೇ ತರಗತಿಯ ಸುಮಾರು 3.79 ಲಕ್ಷ ಮಕ್ಕಳನ್ನು ಕೇಳಿತ್ತು. ಆತಂಕಕ್ಕೆ ಕಾರಣ ಓದು, ಪರೀಕ್ಷೆ, ಫಲಿತಾಂಶ ಎಂದವರು ಶೇ. 81. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಜುಲೈ 25ರಂದು ಹೇಳಿತು: 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲಿ ಮಕ್ಕಳ ಮನಸ್ಸನ್ನು ಅರಿತ, ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರಾದರೂ ಇರಬೇಕು. ಅದಕ್ಕಿಂತ ಸಣ್ಣವು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು.

ಆದೇಶ ಕಾಗದದಲ್ಲಿ ಉಳಿಯಬಾರದು ಎಂದಾದರೆ ಕೇಳಬೇಕಾದವರು ನಾವೇ. ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ (ಅಜ್ಜ ಅಜ್ಜಿಯರಾಗಿ ಹೋಗುವವರೂ ಇದ್ದೀರಿ) ವಿಚಾರಿಸಿ. ಕೌನ್ಸೆಲರು ವಾರಕ್ಕೆ ಎಷ್ಟು ದಿನ ಬರುತ್ತಾರೆ? ಮಗು ಯಾವ ಭಾಷೆಯಲ್ಲಿ ಹೇಳಿಕೊಳ್ಳಬಹುದು? ಕ್ಲಾಸಿನ ಎದುರು ಹೆಸರು ಕೂಗಿ ಕರೆಯುತ್ತಾರೋ, ಗುಟ್ಟಾಗಿ ಹೋಗಲು ದಾರಿಯಿದೆಯೋ? ಹೊರನಾಡಿನ ನಮ್ಮ ಮಕ್ಕಳಿಗೆ ಮನೆಯ ಭಾಷೆ ಒಂದು, ಶಾಲೆಯದು ಇನ್ನೊಂದು. ಸಂಕಟ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಶಾಲೆಯಲ್ಲಿ ಏನೂ ಇಲ್ಲವೆಂದರೆ ಸರಕಾರದ ಟೆಲಿ ಮಾನಸ್ ಇದೆ, ನಂಬರು 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಕನ್ನಡದಲ್ಲೂ ಮಾತಾಡಬಹುದು.

ಟೀಚರನ್ನು ಕಂಡಾಗ ಮಾರ್ಕ್ಸ್ ಕೇಳಿ, ಬೇಡವೆನ್ನುವುದಿಲ್ಲ. ಜೊತೆಗೆ ಇನ್ನೊಂದನ್ನೂ ಕೇಳಿ: "ಬಿಡುವಿನಲ್ಲಿ ನಮ್ಮ ಮಗು ಯಾರ ಜೊತೆ ಕೂತು ಊಟ ಮಾಡುತ್ತದೆ?" ಥಟ್ಟನೆ ಉತ್ತರ ಬಂದರೆ ನಿಮ್ಮ ಶಾಲೆ ಒಳ್ಳೆಯದು ಎಂದು ತಿಳಿಯಿರಿ.