ಗ್ರೀಕ್ ಪಚಡಿ, ಹಂಚಿನ ಕೋಳಿ ಮತ್ತ ಅವ್ವನ ತಾಟು

"ಚಿಕನ್ ಹಾಕಿದ ಗ್ರೀಕ್ ಸಲಾಡ್ ಮನ್ಯಾಗ ಹೆಂಗ ಮಾಡೂದು, ಒಮ್ಮೆ ಬಿಡಿಸಿ ಬರೀವಾ" ಅಂತ ನಿಮ್ಮೊಳಗ ಮೂರು ಮಂದಿ ಕೇಳಿದ್ರಿ. ಹೆಸರು ಕೇಳಿ ಹೆದರಬ್ಯಾಡ್ರಿ. ಗ್ರೀಸ್ ದೇಶದಾಗ ಇದಕ್ಕ 'ಹೋರಿಯಾಟಿಕಿ' ಅಂತಾರ. 'ಹೋರಿಯೋ' ಅಂದ್ರ ಹಳ್ಳಿ. ಅಂದ್ರ ಇದು ಹಳ್ಳಿ ಪಚಡಿ. ನಮ್ಮ ಕಡೆ ರೊಟ್ಟಿ ಜೋಡಿ ಉಳ್ಳಾಗಡ್ಡಿ, ಸವತಿಕಾಯಿ, ಹಸಿ ಮೆಂತೆ ಹೆಚ್ಚಿ ಮಸರು, ಶೇಂಗಾ ಹಿಂಡಿ ಕಲಿಸಿ ಉಣ್ತೀವಲ್ಲ, ಅದರ ದೂರದ ಬೀಗತಿ ಅನ್ಕೋರಿ.

ಅಲ್ಲಿ ಹಳ್ಳಿ ಮಂದಿ ಹಾಕೂದು ಇಷ್ಟ: ಟಮಾಟಿ, ಸವತಿಕಾಯಿ, ಉಳ್ಳಾಗಡ್ಡಿ, ಹಸರು ಡಬ್ಬ ಮೆಣಸಿನಕಾಯಿ, ಉಪ್ಪಿನಾಗ ಹಾಕಿದ ಆಲಿವ್ ಕಾಯಿ, ಮ್ಯಾಲ ಒಂದು ದಪ್ಪ ತುಂಡು ಫೆಟಾ ಚೀಸು, ಒಣಗಿಸಿದ ಒರೆಗಾನೊ ಎಲಿ, ಆಲಿವ್ ಎಣ್ಣಿ. ಅದರಾಗ ಎಲಿಕೋಸೂ ಇಲ್ಲ, ಲೆಟ್ಯೂಸ್ ಸೊಪ್ಪೂ ಇಲ್ಲ. ಕೋಳೀನೂ ಇಲ್ಲ. ಕೋಳಿ ಆಮ್ಯಾಲ ಬಂದದ್ದು, ಬರೇ ಪಚಡಿ ಹೊಟ್ಟಿಗಿ ಸಾಲೂದಿಲ್ಲ, ಪೂರ್ತಿ ಊಟ ಆಗಬೇಕು ಅನ್ನಾವರು ಸೇರಿಸಿದ್ದು.

ಕಾಯಿಪಲ್ಯದ ಚಿಂತಿ ನಮಗ ಇಲ್ಲ. ಗೋವಾದ ಮಂದಿ ಉಣ್ಣೋ ಕಾಯಿಪಲ್ಯ ದಿನಾ ಬೆಳಗಾವಿಯಿಂದ ಗಾಡಿ ತುಂಬಿ ಹೋಗತೈತಿ. ನಮಗ ಇಲ್ಲೇ ಮನಿ ಮುಂದ ತಾಜಾ ಸಿಗತೈತಿ. ಉಳಿದದ್ದಕ್ಕ ನಮ್ಮ ಮನ್ಯಾಗಿನ ಸಾಮಾನು ಸಾಕು.

ಫೆಟಾ ಅನ್ನೂದು ಕುರಿ ಹಾಲಿನ ಚೀಸು. ಬೇಕಾದ್ರ ಆಡಿನ ಹಾಲು ನೂರಕ್ಕ 30ರ ತನಕ ಸೇರಿಸಬಹುದು. 2002ರಿಂದ ಯುರೋಪಿನ ಕಾಯಿದೆ ಪ್ರಕಾರ ಗ್ರೀಸಿನಾಗ ಗೊತ್ತುಮಾಡಿದ ಜಾಗಾದಾಗ ಮಾಡಿದ್ದಕ್ಕಷ್ಟ ಅಲ್ಲಿ ಆ ಹೆಸರು. ನಮ್ಮಲ್ಲಿ ಸಣ್ಣ ಡಬ್ಬಿಗೂ ತುಟ್ಟಿ ಬೀಳತೈತಿ. ಅದಕ್ಕ ನಾನು 200 ಗ್ರಾಂ ಪನೀರು ತಗೊಂಡು, ಅರ್ಧ ಲೀಟರ್ ಕಾಸಿ ಆರಿಸಿದ ನೀರಿಗೆ ಎರಡು ದೊಡ್ಡ ಚಮಚಾ ಉಪ್ಪು, ಒಂದು ಲಿಂಬಿಹಣ್ಣಿನ ರಸ ಹಾಕಿ, ಅದರಾಗ ಮುಳುಗಿಸಿ ರಾತ್ರಿ ಫ್ರಿಜ್ಜಿನಾಗ ಇಡ್ತೇನಿ. ಮುಂಜಾನೆ ಪನೀರಿನ ಸಪ್ಪ ರುಚಿ ಹೋಗಿ ಹುಳಿ-ಉಪ್ಪು ಹಿಡದಿರತೈತಿ. ಪನೀರು ಇಲ್ಲಂದ್ರ ಶ್ರೀಖಂಡಕ್ಕ ಕಟ್ಟತೀವಲ್ಲ, ಆ ಚಕ್ಕಾಕ್ಕ ಉಪ್ಪು ಕಲಿಸಿದ್ರೂ ನಡೀತೈತಿ. ಒರೆಗಾನೊ ಅಂದ್ರ ಪಿಜ್ಜಾ ತರಿಸಿದಾಗ ಬರೋ ಸಣ್ಣ ಪಾಕೀಟು. ಎಲ್ಲಾರ ಮನಿ ಡ್ರಾವರಿನ್ಯಾಗೂ ನಾಕೈದು ಬಿದ್ದಿರತಾವು. ಅದೂ ಇಲ್ಲಂದ್ರ ಒಂದು ಚಿಟಿಕಿ ಅಜವಾನ ಅಂಗೈಯಾಗ ತಿಕ್ಕಿ ಹಾಕ್ರಿ, ವಾಸನಿ ಅದರ ಸನೇಕ ಬರತೈತಿ. ಆಲಿವ್ ಕಾಯಿ ಬದಲಿ ನನಗ ಭಾಳ ಸೇರಿದ್ದು ಉಪ್ಪಿನಾಗ ಹಾಕಿದ ಕವಳಿಕಾಯಿ. ಬ್ಯಾಸಗ್ಯಾಗ ಜಾಂಬೋಟಿ, ಕಣಕುಂಬಿ ಕಡೆ ಅಡವ್ಯಾಗ ಆಗತಾವಲ್ಲ, ಅವ. ಎಣ್ಣಿಗೆ ಗಾಣದ ಶೇಂಗಾ ಎಣ್ಣಿ, ಇಲ್ಲಾ ಕುಸುಬಿ ಎಣ್ಣಿ.

ಇನ್ನ ಕೋಳಿ ಮಾತು. ಇದನ್ನ ನಾನು ಮೊದಲ ಮಾಡಿದ್ದು ಬೆಳಗಾವಿ ನಮ್ಮ ಮನ್ಯಾಗ ಅಲ್ಲ, ಖಾನಾಪುರದಾಗ ತವರಮನ್ಯಾಗ. ಅದಕ್ಕ ಒಂದು ಕಾರಣ ಐತಿ.

ಹ್ವಾದ ವರ್ಷ ಅವ್ವ ಅಂಗಳದಾಗ ಜಾರಿ ಬಿದ್ದು ಮಣಿಕಟ್ಟು ಮುರಕೊಂಡಳು. ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು ಕೇಳಿದ್ರು: "ಆಯಿ, ದಿನಾ ಏನ ಉಣ್ತೀರಿ?" ಅವ್ವ, "ಎಲ್ಲಾ ಉಣ್ತೇನಿ ಬಿಡ್ರಿ" ಅಂದಳು. ಅವರು ನನ್ನ ಕಡೆ ತಿರುಗಿ, ಒಂದು ವಾರ ಆಕಿ ತಾಟಿನಾಗ ಏನೇನು ಬಿತ್ತು ಬರಕೊಂಡು ಬರ್ರಿ ಅಂದ್ರು. ತಮ್ಮನ ಹೆಂಡತಿ ಬರದಳು. ರೊಟ್ಟಿ, ಅನ್ನ, ಸಾರು, ಪಲ್ಯ, ಚಹಾ, ಬಿಸ್ಕೀಟು. ಐತವಾರ ಮನ್ಯಾಗ ಕೋಳಿ ಮಾಡಿದ್ರು. ಐತವಾರದ ಸಾಲಿನಾಗೂ ಬರದದ್ದು 'ಅನ್ನ, ಸಾರು' ಅಂತ ಎರಡ ಮಾತು.

ನಿಮಗ ಹೇಳಬೇಕಾಗಿಲ್ಲ. ಕೋಳಿ ಸಾರು ಪಾತೇಲ್ಯಾಗಿಂದ ಬಡಿಸೂದು ಹೆಂಗ ಅಂತ ನಿಮಗೂ ಗೊತ್ತು. ಮೊದಲ ಗಂಡಸರ ಪಂಕ್ತಿ, ಕಾಲಿನ ತುಂಡು ಅವರಿಗೆ. ಹುಡುಗರಿಗೆ ಮೆತ್ತಗಿಂದು ಆರಿಸಿ ಹಾಕಬೇಕು. ಬಂದವರು ಯಾರರೆ ಇದ್ರ ಅವರಿಗೆ ಎರಡು ತುಂಡು ಹೆಚ್ಚು. ಕಡೀಕ ಹೆಂಗಸರು ಕುಂಡ್ರೂ ಹೊತ್ತಿಗೆ ತಳದಾಗ ಕುತಗಿ, ಬೆನ್ನಿನ ಎಲುಬು, ಮತ್ತ ರಸ. ಅದರಾಗೂ ಅವ್ವ ಸೊಸಿ ತಾಟಿಗೆ ದೂಡಿ, "ನನಗ ತುಂಡು ಸೇರೂದಿಲ್ಲವಾ, ಸಾರಿನಾಗ ಎಲ್ಲಾ ಕಸು ಇರತೈತಿ" ಅಂತಿದ್ದಳು. ಯಾರೂ ಆಕಿ ಬಾಯಾಗಿಂದು ಕಸಗೊಂಡಿಲ್ಲ. ಪಾತೇಲಿ ಊಟದಾಗ ಯಾರಿಗೆ ಎಷ್ಟು ಹ್ವಾತು ಅನ್ನೂದು ಕಣ್ಣಿಗಿ ಕಾಣೂದಿಲ್ಲ, ಅಷ್ಟ. ರಸದ ಕೆಳಗ ಎಲ್ಲಾ ಮುಚ್ಚಿ ಹೋಗತೈತಿ.

ಡಾಕ್ಟರು ಲೆಕ್ಕ ಹೇಳಿದ್ರು. ಐಸಿಎಂಆರ್ ಮತ್ತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಾಗ ಕೊಟ್ಟ ಪ್ರಮಾಣದಾಗ ದೊಡ್ಡವರಿಗೆ ಮೈತೂಕದ ಒಂದೊಂದು ಕಿಲೋಕ್ಕ ದಿನಕ್ಕ 0.83 ಗ್ರಾಂ ಪ್ರೋಟೀನು ಬೇಕು. 55 ಕಿಲೋ ಇದ್ದಾಕಿಗೆ ಸುಮಾರು 46 ಗ್ರಾಂ. ನೂರು ಗ್ರಾಂ ಹಸಿ ಕೋಳಿ ಎದಿ ಮಾಂಸದಾಗ ಸುಮಾರು 22 ಗ್ರಾಂ ಇರತೈತಿ. ಸಾರಿನಾಗ ರುಚಿ, ಖಾರ, ಉಪ್ಪು, ಎಣ್ಣಿ ಇಳೀತೈತಿ ಖರೆ, ಆದ್ರ ಪ್ರೋಟೀನು ಬಹಳಷ್ಟು ತುಂಡಿನಾಗ ಉಳೀತೈತಿ. ವಯಸ್ಸಾದಂಗ ಎಲುಬು, ಮಾಂಸಖಂಡ ಎರಡೂ ಸವೀತಾವು. ಮುರದ ಎಲುಬು ಕೂಡಬೇಕು ಅಂದ್ರೂ ಇದು ಬೇಕು.

ಅವ್ವಗ ಇನ್ನೊಂದು ಅಡಚಣಿ ಇತ್ತು. ಹಿಂದಿನ ದವಡಿ ಹಲ್ಲು ಎರಡೂ ಕಡೆ ಇಲ್ಲ. ಎಲುಬಿನ ತುಂಡು ಜಗ್ಗಿ ಕಡಿಯೂದು ಆಗೂದಿಲ್ಲ. 'ಸೇರೂದಿಲ್ಲ' ಅನ್ನೂದರಾಗ ಅರ್ಧ ರೂಢಿ, ಅರ್ಧ ಹಲ್ಲು. ಪುಣೆದಾಗ ಓದೋ ತಮ್ಮನ ಮಗಳು ಸೂಟಿಗೆ ಬಂದಾಗ, "ಅತ್ತಿ, ನಾವು ಹಾಸ್ಟೆಲಿನ್ಯಾಗ ಗ್ರೀಕ್ ಸಲಾಡ್ ಮಾಡ್ತೀವಿ, ಎಲುಬಿಲ್ಲದ ಕೋಳಿ, ಅಜ್ಜಿಗೆ ನಡೀಬಹುದು" ಅಂದಳು. ನಾನು ಬೆಳಗಾವಿಯಿಂದ ಪನೀರು, ಡಬ್ಬ ಮೆಣಸಿನಕಾಯಿ ಚೀಲದಾಗ ಹಾಕ್ಕೊಂಡು ಬಸ್ ಹತ್ತಿದೆ.

ಮಾಡೂದು ಹಿಂಗ. ಐದು ಮಂದಿಗೆ ಅರ್ಧ ಕಿಲೋ ಎಲುಬಿಲ್ಲದ ಎದಿ ಮಾಂಸ ಸಾಕು. ಮೊದಲ ಕಾಯಿಪಲ್ಯ ಎಲ್ಲಾ ಹೆಚ್ಚಿ ಮುಚ್ಚಿ ಇಟ್ಟು ಬಿಡ್ರಿ, ಆಮ್ಯಾಲ ಕೋಳಿ ಮುಟ್ರಿ. ಪಚಡಿ ನಾವು ಕುದಸೂದಿಲ್ಲ. ಹಸಿ ಕೋಳಿ ಮುಟ್ಟಿದ ಚಾಕು, ಮಣಿ ಅದಕ್ಕ ತಾಗಿದ್ರ ಹೊಟ್ಟಿ ಕೆಡತೈತಿ. ನಳದ ಕೆಳಗ ಕೋಳಿ ತೊಳೀಲಿಕ್ಕೂ ಹೋಗಬ್ಯಾಡ್ರಿ. ನೀರು ಸಿಡದು ಕಟ್ಟಿ ತುಂಬ ಹೊಲಸು ಹರಡತೈತಿ. ನೀರಾಡಿದ್ರ ಒರಸ್ರಿ, ಸಾಕು.

ಒಂದೊಂದು ಎದಿ ತುಂಡನ್ನ ಅಡ್ಡ ಸೀಳಿ ಎರಡು ತೆಳ್ಳನ ಹೋಳು ಮಾಡ್ರಿ. ದಪ್ಪ ಇದ್ದಲ್ಲಿ ಲಟ್ಟಣಿಗಿಯಿಂದ ಮೆತ್ತಗ ಬಡದು ಒಂದ ಸಮ ಮಾಡ್ರಿ. ನಾಕು ಚಮಚಾ ಗಟ್ಟಿ ಮಸರು, ಆರು ಎಸಳು ಬಳ್ಳೊಳ್ಳಿ ಜಜ್ಜಿದ್ದು, ಒಂದು ಸಣ್ಣ ಚಮಚಾ ಉಪ್ಪು, ಅರ್ಧ ಚಮಚಾ ಕರಿಮೆಣಸಿನ ಪುಡಿ, ಒರೆಗಾನೊ, ಒಂದು ಚಮಚಾ ಎಣ್ಣಿ ಹಚ್ಚಿ ಎರಡು ತಾಸು ಫ್ರಿಜ್ಜಿನಾಗ ಇಡ್ರಿ. ಮಸರಿನ ಹುಳಿ ಮಾಂಸ ಮೆತ್ತಗ ಮಾಡತೈತಿ. ಖಾನಾಪುರದ ಮಣ್ಣಿನ ಗಡಗ್ಯಾಗ ಹೆಪ್ಪು ಹಾಕಿದ್ರ ಮಸರು ಗಟ್ಟಿ ಬರತೈತಿ, ಯಾಕಂದ್ರ ಮಣ್ಣು ನೀರು ಹೀರತೈತಿ. ಆ ಊರ ಮಣ್ಣಿನ ಕೆಲಸಾ ಅಂದ್ರ ಸಣ್ಣದಲ್ಲರಿ, ಕೇಂದ್ರ ಸರ್ಕಾರದ ಕುಂಬಾರಿಕಿ ತರಬೇತಿ ಸಂಸ್ಥೆನ ಅಲ್ಲೈತಿ.

ಗ್ರಿಲ್ ಮಷೀನು ಬ್ಯಾಡ. ರೊಟ್ಟಿ ಬೇಯಿಸೋ ಕಬ್ಬಿಣದ ಹಂಚು ಚಂದಂಗ ಕಾಸಿ, ಎಣ್ಣಿ ಸವರಿ, ಮಾಂಸ ಹಾಕಿ ನಾಕೈದು ನಿಮಿಷ ಮುಟ್ಟಬ್ಯಾಡ್ರಿ. ಮುಟ್ಟಿದ್ರ ಕಂದು ಬಣ್ಣ ಹಿಡಿಯೂದಿಲ್ಲ, ನೀರು ಬಿಡತೈತಿ. ಹಂಚಿಗೆ ನಾಕೂ ತುಂಡು ಒಮ್ಮೆಲೆ ತುರುಕಬ್ಯಾಡ್ರಿ. ಹೊಳ್ಳಿ ಹಾಕಿ ಮತ್ತ ನಾಕೈದು ನಿಮಿಷ. ದಪ್ಪ ಇದ್ದಲ್ಲಿ ಕೊಯ್ದು ನೋಡ್ರಿ, ಗುಲಾಬಿ ಬಣ್ಣ ಇರಬಾರದು, ರಸ ತಿಳಿ ಇರಬೇಕು. ಥರ್ಮಾಮೀಟರ್ ಇದ್ದವರು ಒಳಗ 74 ಡಿಗ್ರಿ ಸೆಲ್ಸಿಯಸ್ ನೋಡ್ಕೋರಿ. ತಗದು ಐದು ನಿಮಿಷ ತಾಟಿನಾಗ ಬಿಡ್ರಿ, ಆಮ್ಯಾಲ ನಾರಿಗೆ ಅಡ್ಡ ಸಣ್ಣಗ ಕೊಯ್ರಿ. ಹಲ್ಲಿಲ್ಲದವರಿಗೆ ಇದ ಮುಖ್ಯ. ನಾರಿನ ಉದ್ದಕ್ಕ ಕೊಯ್ದ್ರ ಬಾಯಾಗ ಎಳಿ ಎಳಿ ಬರತೈತಿ, ಅಡ್ಡ ಕೊಯ್ದ್ರ ಒಸಡಿನಾಗೂ ನುರೀತೈತಿ. ಕಡೀಕ ಲಿಂಬಿ ಹಿಂಡ್ರಿ.

ಪಚಡಿಗೆ ಮೂರು ಟಮಾಟಿ, ಎರಡು ಸವತಿಕಾಯಿ, ಒಂದು ಡಬ್ಬ ಮೆಣಸಿನಕಾಯಿ ದೊಡ್ಡ ದೊಡ್ಡ ಹೋಳು, ಒಂದು ಉಳ್ಳಾಗಡ್ಡಿ ತೆಳ್ಳಗ. ಅವ್ವನಂಥವರಿಗೆ ಸವತಿಕಾಯಿ ಸಿಪ್ಪಿ ತಗದು ಸಣ್ಣಗ ಹೆಚ್ರಿ. ಉಪ್ಪು, ಎಣ್ಣಿ, ಲಿಂಬಿ ಉಣ್ಣಾಕ ಕುಂತ ಮ್ಯಾಲ ಹಾಕ್ರಿ. ಮೊದಲ ಹಾಕಿದ್ರ ನೀರು ನೀರಾಗತೈತಿ. ಪನೀರು, ಕವಳಿಕಾಯಿ ಎರಡರಾಗೂ ಉಪ್ಪು ಇರತೈತಿ, ಅದನ್ನ ನೆನಪಿಟ್ಟು ಹಾಕ್ರಿ. ಬಿ.ಪಿ. ಇದ್ದವರಿಗೆ ಪನೀರು ಒಮ್ಮೆ ಬರೇ ನೀರಾಗ ಅದ್ದಿ ತಗೀರಿ. ತಳದಾಗ ಉಳಿಯೋ ರಸಕ್ಕ ಗ್ರೀಸಿನಾಗ ಬ್ರೆಡ್ ಅದ್ದತಾರ. ಕ್ರೀಟ್ ಅನ್ನೋ ಅವರ ನಡುಗಡ್ಡ್ಯಾಗ ಬಾರ್ಲಿ ಹಿಟ್ಟಿನ ಕಡಕ್ ಬ್ರೆಡ್ಡಿನ ಮ್ಯಾಲ ಟಮಾಟಿ, ಚೀಸು ಹಾಕಿ ನೆನಸಿ ತಿಂತಾರ, 'ಡಾಕೋಸ್' ಅಂತ. ನಮ್ಮ ಕಡಕ್ ರೊಟ್ಟಿ ಮುರದು ಹಾಕಿದ್ರ ಅದ ಆತು.

ಈಗ ಬಡಿಸೂದು. ಈ ಊಟಕ್ಕ ಪಾತೇಲಿ ಇಲ್ಲ. ಐದು ತಾಟು ಸಾಲಾಗಿ ಕಟ್ಟಿ ಮ್ಯಾಲ ಹಚ್ಚಬೇಕು. ಪಚಡಿ ಹಾಕಿ, ಮ್ಯಾಲ ಕೋಳಿ ಎಣಿಸಿ ಇಡಬೇಕು. ತಮ್ಮನ ಮಗಳು ಎಂಟೆಂಟು ತುಂಡು ಇಟ್ಟಳು. ಅಪ್ಪಗ ಎಂಟು, ತಮ್ಮಗ ಎಂಟು, ಅವ್ವಗೂ ಎಂಟು. ಅವ್ವ ಎಂದಿನಂಗ, "ನನಗ ಸೇರೂದಿಲ್ಲವಾ, ನಿಮ್ಮಪ್ಪಗ ಹಾಕು" ಅಂದಳು. ಆ ಹುಡುಗಿ, "ಅಜ್ಜಿ, ಲೆಕ್ಕ ತಪ್ಪತೈತಿ" ಅಂತ ತಾಟು ಕೈಯಾಗ ಕೊಟ್ಟು ಹೋದಳು.

ಅವ್ವ ಮೊದಲ ಸವತಿಕಾಯಿ ತಿಂದಳು. ಆಮ್ಯಾಲ ಒಂದು ತುಂಡು ಬಾಯಾಗ ಇಟ್ಟು ಸಾವಕಾಶ ಆಡಿಸಿದಳು. ಯಾರೂ ಆಕಿ ಕಡೆ ನೋಡಲಿಲ್ಲ, ನೋಡಿದ್ರ ಬಿಡ್ತಿದ್ದಳು. ಎಂಟೂ ತಿಂದಳು. ರೊಟ್ಟಿಯಿಂದ ತಾಟು ಒರಸಿ, "ಇನ್ನೊಂದೀಟು ಐತೇನು?" ಅಂತ ಕೇಳಿದಳು. ಎಪ್ಪತ್ತು ವರ್ಷದಾಕಿ ಕೋಳಿ ಬೇಕು ಅಂತ ಬಾಯಿ ಬಿಟ್ಟು ಕೇಳಿದ್ದು ನಾನು ಅವತ್ತ ಮೊದಲ ಕೇಳಿದ್ದು. ತಮ್ಮನ ಹೆಂಡತಿ ಎದ್ದು ಒಳಗ ಹೋದಳು. ಆಕಿ ಕಣ್ಣೂ ನೆಟ್ಟಗಿರಲಿಲ್ಲ.

ಅಪ್ಪಗ ಸೇರಲಿಲ್ಲ. "ಇದು ಊಟನೋ ದನದ ಮೇವೋ, ಸಾರ ಇಲ್ಲ" ಅಂದ. ಇರಲಿ. ಸಾರು ಬಿಡ್ರಿ ಅಂತ ನಾನು ಯಾರಿಗೂ ಹೇಳೂದಿಲ್ಲ, ನನಗೂ ಐತವಾರ ಸಾರ ಬೇಕು. ಆದ್ರ ಈಗ ಖಾನಾಪುರದ ಮನ್ಯಾಗ ಸಾರು ಮಾಡಿದಾಗೂ ಒಲಿ ಆರಿಸಿದ ಕೂಡಲೆ ತಮ್ಮನ ಹೆಂಡತಿ ಎರಡು ವಾಟಿ ಬ್ಯಾರೆ ತಗದು ಮುಚ್ಚಿ ಇಡ್ತಾಳ, ಒಂದು ಅವ್ವಂದು, ಒಂದು ತಂದು. ಅವ್ವನ ವಾಟ್ಯಾಗ ಎಲುಬು ಬಿಡಿಸಿದ ತುಂಡು. ಆಮ್ಯಾಲ ಪಂಕ್ತಿ.

ಕೋಳಿ ಉಣ್ಣದವರು, ಶ್ರಾವಣ, ಸೋಮವಾರ ಹಿಡದವರು, ಪನೀರು ಹೆಚ್ಚು ಹಾಕಿ ಅದನ್ನ ಹಂಚಿನ ಮ್ಯಾಲ ಸುಡ್ರಿ, ಇಲ್ಲಾ ಕುದಿಸಿದ ಕಡ್ಲಿ, ಮೊಳಕಿ ಬಂದ ಮಡಕಿ ಕಾಳು ಉಗಿಯಾಗ ಬೇಯಿಸಿ ಹಾಕ್ರಿ. ಎಣಿಸಿ ಇಡೂದು ಮಾತ್ರ ಬಿಡಬ್ಯಾಡ್ರಿ. ಮಾಡಿದ ಮ್ಯಾಲ ರುಚಿ ಹೆಂಗಾತು ಅಂತ ಆಮ್ಯಾಲ ಹೇಳಿರಂತ. ಮೊದಲ ಹೇಳ್ರಿ, ನಿಮ್ಮ ತಾಟು ಎಷ್ಟನೇದು ಹಚ್ಚಿದ್ರಿ?