ಮಳೆ ಬಿಟ್ಟ ಮೇಲಿನ ಮೊದಲ ಬಂಡೆ

ಆವಣಿ ಬೆಟ್ಟದ ಬುಡದಲ್ಲಿ ಬೈಕ್ ನಿಲ್ಸಿ ಶೂ ಲೇಸ್ ಕಟ್ಕೋತಿದ್ದೆ. ಕುರಿ ಹೊಡ್ಕೊಂಡು ಬಂದ ಯಜಮಾನರೊಬ್ಬರು ಬಂಡೆ ಹತ್ತೋ ಹಗ್ಗ ನೋಡಿದ್ರು, ನನ್ನ ಮುಖ ನೋಡಿದ್ರು. "ಬಂಡೆ ಇನ್ನಾ ಬೆವರ್ತಾ ಐತಲ್ಲಪ್ಪಾ, ಒಂದು ವಾರ ತಡ್ಕೋಬಾರ್ದಾ?"

ಪಕ್ಕಾ ಮಾತು. ಹಿಮಾಲಯದಲ್ಲಿ ಸ್ಕೀ ಮಾಡೋರು ಸೀಸನ್ ಶುರುವಿನ ತೆಳು ಹಿಮಕ್ಕೆ ಹೆದರ್ತಾರೆ, ಅದರಡಿ ಕಲ್ಲು ಅಡಗಿರುತ್ತೆ ಅಂತ. ನಮ್ಮ ಮುಳಬಾಗಿಲು, ಕೋಲಾರದ ಕಡೆ ಹಿಮದ ಬದಲು ಹುಲ್ಲು. ಹಿಂಗಾರು ಮುಗಿಯೋ ಹೊತ್ತಿಗೆ ಸೊಂಟದುದ್ದ ಬೆಳೆದಿರುತ್ತೆ, ಗುಂಡುಗಳ ನಡುವಿನ ಸಂದು ಕಾಣೋದೇ ಇಲ್ಲ. ಕಾಲಿಟ್ಟರೆ ಮಂಡಿವರೆಗೆ ಒಳಗೆ. (ಹಾವಿನ ವಿಷಯ ಮನೆಯವರಿಗೆ ಹೇಳಬೇಡಿ!)

ಆಮೇಲೆ ಬಂಡೆ ಮೇಲಿನ ಕಪ್ಪು ಪಟ್ಟೆಗಳು. ಮಳೆನೀರು ಹರಿದ ಜಾಗದಲ್ಲಿ ಪಾಚಿ ಕೂತಿರುತ್ತೆ. ಒಣಗಿದ್ರೆ ಶೂ ಹಿಡಿಯುತ್ತೆ, ಸ್ವಲ್ಪ ತೇವ ಇದ್ರೂ ಸೋಪು ಸವರಿದಂಗೆ. ಮೇಲಿನ ಬಿಸಿಲು ನೋಡಿ ಮೋಸ ಹೋಗಬಾರದು. ಎರಡು ದಿನ ಮಳೆ ಇಲ್ಲದಿದ್ರೂ ಬಿರುಕಿನಿಂದ ನೀರು ಜಿನುಗ್ತಾನೇ ಇರುತ್ತೆ. ಚಾಚಿಕೊಂಡ ಬಂಡೆ ಕೆಳಗೆ ಹೆಜ್ಜೇನು ಕಟ್ಟಿದೆಯಾ ಅಂತ ಕತ್ತೆತ್ತಿ ನೋಡ್ದೆ ಹತ್ತೋರನ್ನ ಕಂಡ್ರೆ ನಂಗೆ ಸಿಟ್ಟೇ ಬರುತ್ತೆ.

ಸುಮಾರು 250 ಕೋಟಿ ವರ್ಷದ ಕಲ್ಲು, ಇನ್ನೊಂದು ವಾರಕ್ಕೆ ಎಲ್ಲೂ ಓಡಿಹೋಗಲ್ಲ. ಆದ್ರೂ ಮೊದಲ ಚಳಿಗೆ ಕೈ ತುರಿಸುತ್ತಲ್ಲ, ಏನ್ ಮಾಡೋದು? ಹಗ್ಗ ಬ್ಯಾಗಲ್ಲೇ ಬಿಟ್ಟು, ಮೆಟ್ಟಿಲಲ್ಲೇ ಸೀತಮ್ಮನ ಗುಡಿವರೆಗೆ ಹೋಗಿಬಂದೆ.

ಅಂತರಗಂಗೆ ಕಡೆ ಯಾರಾದ್ರೂ ಹೋಗಿದ್ರಾ? ಅಲ್ಲಿ ಒಣಗಿದೆಯಾ, ಹೇಳ್ರಪ್ಪಾ.